ಎಂಟನೆಯ ಗೇಣು

ಪ್ರತಿ ಮಧ್ಯಾಹ್ನ ಹೇಳಿದ ಹೊತ್ತಿಗೆ ಸರಿಯಾಗಿ ಕರೆಂಟು ಹೋಗುತ್ತಿದ್ದ, ಅದಕ್ಕೆ ಮನಸ್ಸಾದಾಗ ಮಾತ್ರ ಬರುತ್ತಿದ್ದ ಕಾಲವದು. ಮುಂಬೈಯ ಲೋಕಲ್ ರೈಲುಗಳಲ್ಲಿ ಹೆಚ್ಚಿನವು ಇನ್ನೂ ಹಳದಿ-ಕಂದು ಬಣ್ಣದವು. ನೇರಳೆ ಪಟ್ಟಿಯ ಹೊಸ ಗಾಡಿ ಬಂದರೆ ನಾವು ಮಕ್ಕಳು ಸೇತುವೆಯ ಮೇಲೆ ನಿಂತು ಕೂಗುತ್ತಿದ್ದೆವು. ಮೇ ತಿಂಗಳು ಬಂತೆಂದರೆ ಡೊಂಬಿವಲಿಯ ಕನ್ನಡದವರ ಮನೆಗಳಲ್ಲಿ ಒಂದೇ ಮಾತು: ಟಿಕೆಟ್ ಕನ್ಫರ್ಮ್ ಆಯಿತಾ? ಆ ವರ್ಷ ನಮ್ಮದು ಆಗಲಿಲ್ಲ. ವೇಟಿಂಗ್ ಲಿಸ್ಟಿನ ಹನ್ನೊಂದರಲ್ಲಿ ಬಂದು ಕೂತದ್ದು ಅಲ್ಲಿಂದ ಅಲುಗಾಡಲೇ ಇಲ್ಲ. ಕಟ್ಟಿಟ್ಟ ಚೀಲ ಬಿಚ್ಚಿ ಅಮ್ಮ ಬಟ್ಟೆಗಳನ್ನು ಮತ್ತೆ ಕಪಾಟಿಗೆ ಸೇರಿಸುವಾಗ ನಾನು ಬಚ್ಚಲಿನ ಬಾಗಿಲು ಹಾಕಿಕೊಂಡು ಅತ್ತೆ. ಉಡುಪಿಯ ಅಜ್ಜಿಮನೆ, ಸಮುದ್ರ, ದೊಡ್ಡಮ್ಮನ ಮಕ್ಕಳು, ಎಲ್ಲ ಹೋಯಿತು. ಏಳನೇ ಕ್ಲಾಸಿಗೆ ಕಾಲಿಡಲಿದ್ದ ನನಗೆ ಇಡೀ ರಜೆ ನಮ್ಮ ಕಟ್ಟಡದ ಟೆರೇಸೇ ಗತಿ.

ಟೆರೇಸಿನ ಮೇಲಾದರೂ ಜಾಗವಿತ್ತೇ? ಎದುರು ಮನೆಯ ಮರಾಠಿ ಅಜ್ಜಿ ಅಲ್ಲಿ ಗೋಧಿಯ ಕುರ್ಡಯಿ ಒಣಗಿಸುತ್ತಿದ್ದರು, ಇನ್ನೊಬ್ಬರು ಸಾಬುದಾನೆಯ ಸಂಡಿಗೆ, ಅಮ್ಮ ಹಲಸಿನ ಹಪ್ಪಳ. ಸೀರೆಗಳ ಮೇಲೆ ಹರಡಿದ ಆ ಹಿಟ್ಟಿನ ಹುಳಿ ವಾಸನೆ, ಕಾದ ಸಿಮೆಂಟಿನ ವಾಸನೆ, ಉಪ್ಪು ಹಚ್ಚಿ ಇಟ್ಟ ಮಾವಿನ ಹೋಳುಗಳ ವಾಸನೆ. ನಾವು ಸಾಖಳಿ ಎಂಬ ಸರಪಳಿಯಾಟ ಆಡಬೇಕಾದರೆ ಅವುಗಳ ಸಂದಿಯಲ್ಲಿ ಕೈ ಕೈ ಹಿಡಿದು ಓಡಬೇಕು. ಒಂದು ಹಪ್ಪಳ ತುಳಿದರೂ ಕಿವಿ ಹಿಂಡಿಸಿಕೊಳ್ಳಬೇಕು. ನನಗೆ ಆಗಲೂ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಈಗ ಬರೆಯುವಾಗಲೂ ಅದೇ ಮೂಗು, ಅದೇ ತುದಿ. ಏನು ಮಾಡಲಿ.

ನಮ್ಮದು ಒಂದು ಕೋಣೆ, ಒಂದು ಅಡುಗೆಮನೆಯ ಫ್ಲ್ಯಾಟು. ಅಪ್ಪ ಮೈಸೂರಿನ ಕಡೆಯವರು, ತುಳು ಬಾರದು. ಹಾಗಾಗಿ ಉಡುಪಿಯ ಅಮ್ಮ ಮನೆಯಲ್ಲಿ ಕನ್ನಡವನ್ನೇ ಆಡಬೇಕಾಗಿತ್ತು. ನಮ್ಮ ಜೊತೆಗಿದ್ದ ನಾಲ್ಕನೆಯವರು ಅಮ್ಮನ ತಮ್ಮ, ಜಗ್ಗು ಮಾಮ. ವಾಶಿಯ ಸಗಟು ಮಾರುಕಟ್ಟೆಯಲ್ಲಿ ಈರುಳ್ಳಿ ವ್ಯಾಪಾರಿಯೊಬ್ಬರ ಆಫೀಸಿನಲ್ಲಿ ಅವರಿಗೆ ಕೆಲಸ. ಸಂಜೆ ಬಾಗಿಲು ತೆರೆಯುವ ಮೊದಲೇ ಈರುಳ್ಳಿ ವಾಸನೆಯಿಂದ ಮಾಮ ಬಂದದ್ದು ಗೊತ್ತಾಗುತ್ತಿತ್ತು. ಅವರ ನಿಜವಾದ ಜೀವ ಇದ್ದದ್ದು ಬೇರೆ ಕಡೆ. ಸಣ್ಣವರಿದ್ದಾಗ ಊರಿನ ತಾಲೀಮಿನಲ್ಲಿ ಕೋಲು ತಿರುಗಿಸಿದವರು. ಮುಂಬೈಗೆ ಬಂದ ಮೇಲೆ ಕಲ್ಯಾಣದಲ್ಲಿ ಒಬ್ಬ ರೈಲ್ವೆ ನೌಕರರ ಹತ್ತಿರ ಎರಡು ವರ್ಷ ಜೂಡೊ ಕಲಿತರು, ಆಮೇಲೆ ಠಾಣೆಯಲ್ಲಿ ಏಳು ವರ್ಷ ಕರಾಟೆ. ಕಪ್ಪು ಬೆಲ್ಟ್ ಬಂದ ದಿನ ಅಮ್ಮ ಅದನ್ನು ದೇವರ ಮುಂದೆ ಇಟ್ಟು ಕುಂಕುಮ ಹಚ್ಚಿದ್ದಳು. ಆ ಕಲೆ ಕಡೆಗೂ ಹೋಗಲಿಲ್ಲ.

ಅಂಥ ಮಾಮ ರಜೆ ಶುರುವಾದ ಮೊದಲ ವಾರದಲ್ಲೇ ಒಂದು ಸಂಜೆ ಅಂಗಿಯ ಕಿಸೆ ಹರಿದುಕೊಂಡು, ಒಂದು ಕಿವಿ ಕೆಂಪಗೆ ಮಾಡಿಕೊಂಡು, ಕನ್ನಡಕವನ್ನು ಎರಡು ತುಂಡಾಗಿ ಕೈಯಲ್ಲಿ ಹಿಡಿದುಕೊಂಡು ಮನೆಗೆ ಬಂದರು. ಮುಂಬ್ರಾ ದಾಟುವಾಗ ಗಾಡಿಯ ಬಾಗಿಲ ಹತ್ತಿರ ಒಬ್ಬನೊಂದಿಗೆ ಮಾತಿಗೆ ಮಾತು ಬೆಳೆದು ಅವನು ಹೊಡೆದಿದ್ದ.

"ಕರಾಟೆ ಎಲ್ಲಿಗೆ ಹೋಗಿತ್ತು?" ಎಂದಳು ಅಮ್ಮ.

"ಕೈ ಕೆಳಗಿತ್ತು ಅಕ್ಕ. ಮೇಲೆ ತರ್ಲಿಕ್ಕೆ ಜಾಗ ಇರ್ಲಿಲ್ಲ."

ಅಪ್ಪ ನಕ್ಕರು. ನಾನೂ ನಕ್ಕೆ. ಮಾಮ ನಗಲಿಲ್ಲ. ಬೆಲ್ಟು ಬ್ಯಾಗಿನಲ್ಲೇ ಇತ್ತು, ಅಂದು ಕ್ಲಾಸಿನಿಂದಲೇ ಬರುತ್ತಿದ್ದರು. ಗಂಜಿ ಊಟ ಮಾಡಿ ಎದ್ದು ಅಡುಗೆಮನೆಗೂ ಬಚ್ಚಲಿಗೂ ನಡುವಿನ ಓಣಿಯಲ್ಲಿ ಹೋಗಿ ನಿಂತರು. ಓಣಿಯೆಂದರೆ ಒಂದು ಬದಿಗೆ ಗೋಡೆ, ಇನ್ನೊಂದು ಬದಿಗೆ ಕಬ್ಬಿಣದ ಕಪಾಟು. ಒಬ್ಬರು ಬಂದರೆ ಇನ್ನೊಬ್ಬರು ಅಡ್ಡ ತಿರುಗಬೇಕು. ಮಾಮ ಅಲ್ಲಿ ನಿಂತು ಕೈ ಎತ್ತಲು ನೋಡಿದರು, ಮೊಣಕೈ ಕಪಾಟಿಗೆ ಬಡಿಯಿತು. ಇನ್ನೊಂದು ಸಲ ನೋಡಿದರು, ಮತ್ತೆ ಬಡಿಯಿತು. ಹತ್ತು ಸಲವಾದರೂ ಬಡಿಸಿಕೊಂಡಿರಬೇಕು. ಅಮ್ಮ ಒಳಗಿಂದ, "ಕಪಾಟು ಎಂತ ಮಾಡ್ತು ನಿನಗೆ?" ಎಂದು ಕೇಳಿದಳು.

ಮರುದಿನ ಠಾಣೆಯ ಮಾಸ್ತರರಿಗೆ ಮಾಮ ಹೇಳಿದರಂತೆ, ಗಾಡಿಯ ನೂಕುನುಗ್ಗಲಲ್ಲಿ, ಗರ್ದಿಯಲ್ಲಿ ಒದಗುವ ವಿದ್ಯೆ ಬೇಕು, ನಾನು ಕಲಿತ ಮೂರನ್ನೂ ಬೆರೆಸಿ ನೋಡುತ್ತೇನೆ ಎಂದು. ಮಾಸ್ತರರು, ಹೊಸ ಶೈಲಿ ಕಟ್ಟುವವನಿಗೆ ಕಲಿಯುವ ಹತ್ತು ಜನರೂ ಅವರು ನಿಲ್ಲುವಷ್ಟು ನೆಲವೂ ಬೇಕು, ನಿನಗೆ ಎರಡೂ ಇಲ್ಲ, ಸುಮ್ಮನೆ ಮುಂದಿನ ಪರೀಕ್ಷೆಗೆ ಕಟ್ಟು ಎಂದರಂತೆ. ಮಾಮ ಆ ಕ್ಲಾಸಿಗೆ ಮತ್ತೆ ಹೋಗಲಿಲ್ಲ. ಮನೆಗೆ ಬಂದು ನನ್ನನ್ನು ಕರೆದರು.

"ಅಕ್ಷು, ನಿನಗೆ ಕೆಲಸ ಉಂಟಾ?"

"ಇಲ್ಲ. ನಂಗೇನಿದೆ ಕೆಲಸ? ಊರಿಗೇ ಹೋಗ್ಲಿಲ್ಲ."

"ಹಾಗಾದ್ರೆ ಬಾ. ಕೈ ಕೊಡು."

ನನ್ನ ಬಲಗೈಯನ್ನು ಗೋಡೆಗೆ ಒತ್ತಿಸಿ, ಬೆರಳು ಅಗಲಿಸಿ, ಹೆಬ್ಬೆರಳಿನಿಂದ ಕಿರುಬೆರಳಿಗೆ ಅಳತೆ ಮಾಡಿದರು. ಒಂದು ಗೇಣು. ಮತ್ತೆ ಅಲ್ಲಿಂದ ಇನ್ನೊಂದು. ಆ ಎರಡು ಗೇಣಿನ ಎರಡೂ ತುದಿಗೆ ಮೊಳೆಯಿಂದ ಗೀರು ಎಳೆದರು. ಬಣ್ಣ ಹಚ್ಚಿ ವರ್ಷವಾಗದ ಗೋಡೆ. ಅಮ್ಮ ಎರಡು ದಿನ ಮಾತು ಬಿಟ್ಟಳು, ಆಮೇಲೆ ಗೀರು ಮುಚ್ಚುವಂತೆ ಅಲ್ಲೊಂದು ಕ್ಯಾಲೆಂಡರು ತೂಗುಹಾಕಿದಳು.

"ಗಾಡಿಯಲ್ಲಿ ಒಬ್ಬನಿಗೆ ಸಿಗುವುದು ಇಷ್ಟೇ. ನಾವು ಮಾಡುವುದೆಲ್ಲ ಇದರೊಳಗೇ ಆಗ್ಬೇಕು. ಕೈ ಈ ಗೀರು ದಾಟ್ಬಾರ್ದು, ಕಾಲೂ ದಾಟ್ಬಾರ್ದು" ಎಂದರು ಮಾಮ.

"ನನ್ನ ಗೇಣು ಯಾಕೆ? ನಿಮ್ಮದು ಹಾಕಿ."

"ನನ್ನದ್ರಲ್ಲಿ ಅಳೆದ್ರೆ ನನಗೆ ಮಾತ್ರ ಆಗ್ತದೆ. ನಿನಗೆ ಆಗುವುದು ಎಲ್ಲರಿಗೂ ಆಗ್ತದೆ."

ಹೀಗೆ ಆ ವಿದ್ಯೆಗೆ ಗೇಣು ಎಂದೇ ಹೆಸರಾಯಿತು. ಪಾಠಗಳೂ ಗೇಣುಗಳೇ: ಒಂದನೆಯದು, ಎರಡನೆಯದು. ನಿಲ್ಲುವುದು ಒಂದನೆಯ ಗೇಣು. ಎದುರಿನವನ ಎರಡು ಪಾದಗಳ ನಡುವೆ ನಮ್ಮ ಒಂದು ಪಾದವನ್ನು ಓರೆಯಾಗಿ ಇಟ್ಟು ಭಾರ ಬಿಡುವುದು, ಅದು ತಾಲೀಮಿನಿಂದ ಬಂದದ್ದು. ಮೊಣಕೈಯನ್ನು ಪಕ್ಕೆಲುಬಿಗೆ ಅಂಟಿಸಿಕೊಂಡೇ ಹೊಡೆಯುವ ಮೂರನೆಯದು ಕರಾಟೆಯದು. ಎದುರಿನವನ ಭಾರವನ್ನು ಸೊಂಟದ ಮೇಲೆ ತೆಗೆದುಕೊಳ್ಳುವುದು ನಾಲ್ಕನೆಯದು. ಯಾರಾದರೂ ಮಣಿಕಟ್ಟು ಹಿಡಿದರೆ ಹಿಂದೆ ಎಳೆಯದೆ ಅವನ ಕಡೆಗೇ ನುಗ್ಗಿ ಬಿಡಿಸಿಕೊಳ್ಳುವ ಐದನೆಯದು ಜೂಡೊ. ಕೇಳಲು ಸುಲಭ. ಮಾಡಲು ಹೋದರೆ ಜೀವ ಹೋಗುತ್ತಿತ್ತು. ಮಾಮ ನನ್ನ ಮಣಿಕಟ್ಟು ಹಿಡಿಯುತ್ತಿದ್ದರು, ನಾನು ಬಿಡಿಸಿಕೊಳ್ಳಲು ಒದ್ದಾಡುತ್ತಿದ್ದೆ. "ಅದಲ್ಲ" ಎನ್ನುತ್ತಿದ್ದರು. ಮತ್ತೆ ಹಿಡಿಯುತ್ತಿದ್ದರು. "ಅದೂ ಅಲ್ಲ." ಏನು ಹಾಗಾದರೆ ಎಂದರೆ, "ಗೊತ್ತಿಲ್ಲ, ನೋಡುವ" ಎನ್ನುತ್ತಿದ್ದರು. ಕಲಿಸುವವರಿಗೇ ಗೊತ್ತಿಲ್ಲದಿದ್ದರೆ ಕಲಿಯುವವರ ಗತಿ ಏನು ಎಂದು ನನಗೆ ತಲೆ ಕೆಡುತ್ತಿತ್ತು. ಕರೆಂಟು ಇಲ್ಲದ ಆ ಓಣಿಯಲ್ಲಿ ಬೆವರು ಹಿಮ್ಮಡಿಗೆ ಇಳಿಯುತ್ತಿತ್ತು. ಎಷ್ಟೋ ಸಲ ಅಳುತ್ತಾ ಹೊರಗೆ ಬಂದಿದ್ದೇನೆ. ಮಾಮ ಸಮಾಧಾನ ಮಾಡುತ್ತಿರಲಿಲ್ಲ. ಬೀದಿಯ ಕೊನೆಯ ತಳ್ಳುಗಾಡಿಯಿಂದ ಕಾಲಾಖಟ್ಟಾ ಬಣ್ಣದ ಬರ್ಫ್ ಗೋಲಾ ತಂದು ಕೊಟ್ಟು, ಅದು ಕರಗುವ ಮೊದಲೇ, "ಬಾ, ಇನ್ನೊಂದ್ಸಲ" ಎನ್ನುತ್ತಿದ್ದರು.

ಏಳನೆಯದು ಸಿಕ್ಕಿದ್ದು ಅಮ್ಮನಿಂದ. ನಾವಿಬ್ಬರೂ ಓಣಿಯಲ್ಲಿ ಹಿಡಿದಾಡುತ್ತಿದ್ದಾಗ ಅಕ್ಕಿ ತೊಳೆದ ಪಾತ್ರೆಯನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಅಮ್ಮ ಬಂದಳು. "ದಾರಿ ಬಿಡಿ" ಎಂದು ಎರಡು ಸಲ ಹೇಳಿದಳು. ನಾವು ಕೇಳಲಿಲ್ಲ. ಅಮ್ಮ ಹಿಮ್ಮಡಿಯನ್ನು ಮಾಮನ ಹಿಮ್ಮಡಿಯ ಹಿಂದಿಟ್ಟು ಸೊಂಟದಿಂದ ಒಂದು ಸಣ್ಣ ನೂಕು ಕೊಟ್ಟಳು. ಕಪ್ಪು ಬೆಲ್ಟಿನ ಜಗ್ಗು ಮಾಮ ದೊಪ್ಪನೆ ನೆಲದ ಮೇಲೆ ಕೂತುಬಿಟ್ಟರು. ಪಾತ್ರೆಯ ಒಂದು ಹನಿ ನೀರೂ ಚೆಲ್ಲಲಿಲ್ಲ.

"ಅಕ್ಕ, ಇನ್ನೊಮ್ಮೆ ಮಾಡು" ಎಂದರು ಮಾಮ, ಕೂತಲ್ಲಿಂದಲೇ.

"ನಿನಗೆ ಬೇರೆ ಕೆಲಸ ಇಲ್ವಾ?" ಎಂದು ಅಮ್ಮ ಒಲೆಯ ಹತ್ತಿರ ಹೋದಳು. ಮಾಮ ಮಾತ್ರ ಅಂದು ಎಂಟು ಗಂಟೆಯವರೆಗೆ ನನ್ನ ಹಿಮ್ಮಡಿಯನ್ನು ಅವರ ಹಿಮ್ಮಡಿಯ ಹಿಂದೆ ಇಡಿಸಿದರು. ನಾನು ಮೊದಲ ಸಲ ಅವರನ್ನು ಕೂರಿಸಿದಾಗ ಅವರಿಗಾದ ಖುಷಿ ನನಗೆ ಆಗಲಿಲ್ಲ. ಏಕೆಂದರೆ ನನಗೆ ಬೇಕಾದದ್ದು ಬೇರೆ.

ನನಗೆ ಬೇಕಾದದ್ದು ಬೆಲ್ಟು. ಕೆಳಗಿನ ಮಹಡಿಯ ಪ್ರಾಜಕ್ತಾಗೆ ಕಿತ್ತಳೆ ಬಣ್ಣದ್ದಿತ್ತು. ಅವಳು ಅದನ್ನು ಫ್ರಾಕಿನ ಮೇಲೂ ಕಟ್ಟಿಕೊಂಡು ಟೆರೇಸಿಗೆ ಬಂದು, ಸಂಡಿಗೆಗಳ ಸಂದಿಯಲ್ಲಿ ನಿಂತು, ತಲೆಯ ಮಟ್ಟಕ್ಕೆ ಕಾಲು ಎತ್ತುತ್ತಿದ್ದಳು. ಒಮ್ಮೆ ನಾನು ಅವಳಿಗೆ ಐದನೆಯ ಗೇಣು ತೋರಿಸಿದೆ. ಅವಳು ಎರಡು ಸಲ ಮಾಡಿಸಿ ನೋಡಿ, "ಹೇ ಕಾಯ್ ಕರಾಟೆ? ಹೀ ತರ್ ಧಕ್ಕಾಬುಕ್ಕಿ" ಎಂದಳು. ಇದೆಂಥ ಕರಾಟೆ, ಬರೀ ತಳ್ಳಾಟ ಅಂತ. ಸ್ಟೇಷನ್ನಿನಲ್ಲಿ ಎಲ್ಲರೂ ಮಾಡುವುದು ಇದನ್ನೇ ಎಂದೂ ಸೇರಿಸಿದಳು. ಅಂದಿನಿಂದ ಮಾಮನಿಗೆ ಗೊತ್ತಾಗದಂತೆ ಅವಳ ಹತ್ತಿರ ಕಾಲು ಎತ್ತುವುದನ್ನು ಕಲಿತೆ.

"ಮಾಮ, ನಂಗೆ ಬೆಲ್ಟ್ ಯಾವಾಗ ಕೊಡ್ತೀರಿ?"

"ಇದಕ್ಕೆ ಬೆಲ್ಟ್ ಇಲ್ಲ ಮಾರಾಯ್ತಿ."

"ಮತ್ತೆ ನಂಗೆ ಬರತ್ತೆ ಅಂತ ಬೇರೆಯವರಿಗೆ ಹೇಗೆ ಗೊತ್ತಾಗತ್ತೆ?"

"ನಿನ್ನ ಎದುರು ನಿಂತವನಿಗೆ ಗೊತ್ತಾಗ್ತದಲ್ಲ. ಸಾಕು."

ಹನ್ನೆರಡು ವರ್ಷದವಳಿಗೆ ಅದು ಸಾಕಾಗುತ್ತದೆಯೇ? ನೀವೇ ಹೇಳಿ.

ಅಷ್ಟು ಹೊತ್ತಿಗೆ ಮಾಮನ ಮಾತು ಕೇಳಿ ಕಲಿಯಲು ಕೆಲವರು ಮುಂದೆ ಬಂದಿದ್ದರು. ಅಮ್ಮನ ಜೊತೆ ಗಾಡಿಯ ಲೇಡೀಸ್ ಡಬ್ಬಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದ ಆರು ಹೆಂಗಸರು, ಮಾಮನ ಆಫೀಸಿನ ಇಬ್ಬರು. ಅವರಿಗೆಲ್ಲ ನಮ್ಮ ಓಣಿಯಲ್ಲಿ ಜಾಗವೆಲ್ಲಿ? ಕನ್ನಡ ಸಂಘಕ್ಕೆ ಮಾರ್ಕೆಟ್ಟಿನ ಮೇಲೆ ಒಂದು ಕೋಣೆಯಿತ್ತು. ಎರಡು ಕಪಾಟು ಪುಸ್ತಕ, ಒಂದು ಹಾರ್ಮೋನಿಯಂ, ಉಳಿದಂತೆ ಖಾಲಿ. ವಾರಕ್ಕೆ ಮೂರು ಸಂಜೆ ಅದು ಸಿಕ್ಕಿದರೆ ಗೇಣಿಗೆ ನೆಲ ಸಿಕ್ಕಿದಂತೆ. ಮಾಮ ಸಂಘದ ಅಧ್ಯಕ್ಷರ ಮನೆಗೆ ನಾಲ್ಕು ಭಾನುವಾರ ಅಲೆದರು. ಮೂರು ಸಲ ಅವರು ಮನೆಯಲ್ಲಿರಲಿಲ್ಲ. ನಾಲ್ಕನೆಯ ಸಲ ಸಿಕ್ಕವರು, "ಜೂನ್ ಮೊದಲ ಭಾನುವಾರ ವಾರ್ಷಿಕೋತ್ಸವ ಇದೆಯಲ್ಲ, ಅಲ್ಲಿ ತೋರಿಸಿ. ಜನಕ್ಕೆ ಹಿಡಿಸಿದರೆ ಕೋಣೆ ನಿಮ್ಮದು" ಎಂದರು.

ಮಾಮ ಆ ರಾತ್ರಿ ಊಟಕ್ಕೆ ಎರಡು ಸಲ ಅನ್ನ ಹಾಕಿಸಿಕೊಂಡರು. "ಅಕ್ಷು, ನೀನೇ ತೋರಿಸ್ಬೇಕು. ನಾನು ಮಾಡಿದ್ರೆ ಗಂಡಸು, ಶಕ್ತಿ ಉಂಟು ಅಂತಾರೆ. ನೀನು ಮಾಡಿದ್ರೆ ವಿದ್ಯೆ ಅಂತ ಗೊತ್ತಾಗ್ತದೆ. ಎಂಟನೆಯದು ಅದು ಮುಗಿದ ಮರುದಿನ, ಸೋಮವಾರ" ಎಂದರು.

ಕಾರ್ಯಕ್ರಮದ ಪಟ್ಟಿ ಮಾಡುವವರು ಮಂಗಳಾ ಆಂಟಿ, ಸಂಘದ ಸಾಂಸ್ಕೃತಿಕ ಕಾರ್ಯದರ್ಶಿ. ಬೆಂಗಳೂರಿನವರು, ಬ್ಯಾಂಕಿನಲ್ಲಿದ್ದರು, ಯಾರಿಗೂ ಕೆಟ್ಟದ್ದು ಬಯಸದ ಹೆಂಗಸು. ಅದೇ ನೋಡಿ ಕಷ್ಟ. ಕೆಟ್ಟವರಾಗಿದ್ದರೆ ಇಷ್ಟು ವರ್ಷ ಬೈದುಕೊಂಡಾದರೂ ಇರಬಹುದಿತ್ತು.

"ಜಗನ್ನಾಥ್, ಫಾರ್ಮಲ್ಲಿ ನಾಲ್ಕೇ ಕಾಲಂ ಇರೋದು ಕಣಪ್ಪ. ಗಾಯನ, ನೃತ್ಯ, ನಾಟಕ, ಇತರೆ" ಎಂದರು. "ಇತರೆಗೆ ಹಾಕಿದ್ರೆ ಊಟ ಆದ್ಮೇಲೆ ಬರತ್ತೆ. ಆಮೇಲೆ ಯಾರಿರ್ತಾರೆ? ಎಲ್ಲರೂ ಒಂಬತ್ತೂ ಮುಕ್ಕಾಲಿನ ಗಾಡಿ ಹಿಡೀಬೇಕು. ನೃತ್ಯಕ್ಕೆ ಹಾಕಿಬಿಡ್ತೀನಿ, ಆರು ಗಂಟೆಗೇ ಬರೋ ಹಾಗೆ ಮಾಡ್ತೀನಿ."

"ಇದು ನೃತ್ಯ ಅಲ್ವಲ್ಲ ಮೇಡಂ."

"ಗೊತ್ತಪ್ಪ. ಬರೀ ಕಾಲಂಗೆ."

ಶಾಲೆಯೊಂದರ ಸಭಾಂಗಣದಲ್ಲಿ ಕಾರ್ಯಕ್ರಮ. ಹೆಂಗಸರ ಮುಡಿಯ ಮಲ್ಲಿಗೆ, ಹಿಂದಿನ ಕೋಣೆಯಿಂದ ಬಿಸಿಬೇಳೆಬಾತಿನ ಒಗ್ಗರಣೆ, ಹೊರಗೆ ಮಳೆ ಬಂದೇ ಬಿಡುತ್ತದೆ ಎನ್ನುವ ಸೆಕೆ. ನನಗೆ ಅಮ್ಮ ಬಿಳಿ ಚೂಡಿದಾರ ಹೊಲಿಸಿದ್ದಳು. ವೇದಿಕೆಯ ಮೇಲೆ ಮಾಮ ಸುಣ್ಣದಿಂದ ಗಾಡಿಯ ಬಾಗಿಲಿನಷ್ಟು ಜಾಗ ಗುರುತು ಮಾಡಿದ್ದರು. ಮಾಮ ಮತ್ತು ಸಂಘದ ಮೂವರು ಗಂಡಸರು ಆ ಗೀರಿನೊಳಗೆ ಗರ್ದಿಯಂತೆ ನಿಲ್ಲುವುದು, ನಡುವೆ ಹೆಗಲಿಗೆ ಬ್ಯಾಗು ಹಾಕಿಕೊಂಡ ನಾನು. ಒಬ್ಬ ಮಣಿಕಟ್ಟು ಹಿಡಿಯುತ್ತಾನೆ, ಒಬ್ಬ ಬ್ಯಾಗು ಎಳೆಯುತ್ತಾನೆ, ಒಬ್ಬ ಹಿಂದಿನಿಂದ ಒತ್ತುತ್ತಾನೆ. ನಾನು ಒಂದರಿಂದ ಏಳರವರೆಗೆ ಮಾಡಿ, ಕೊನೆಗೆ ಮಾಮನನ್ನು ಕೂರಿಸಿ, ಗರ್ದಿಯಿಂದ ಹೊರಗೆ ಬರಬೇಕು.

ನಿರೂಪಕಿ ಪಟ್ಟಿ ನೋಡಿ, "ಈಗ ಜಗನ್ನಾಥ್ ಮತ್ತು ತಂಡದವರಿಂದ ಜಾನಪದ ನೃತ್ಯ" ಎಂದಳು. ನೃತ್ಯದವರು ಸಿ.ಡಿ. ಕೊಡದಿದ್ದರೆ ಧ್ವನಿವರ್ಧಕದವರು ತಮ್ಮಲ್ಲಿದ್ದದ್ದನ್ನು ಹಾಕುವುದು ಸಂಘದ ಪದ್ಧತಿ. ಡೊಳ್ಳು ಶುರುವಾಯಿತು. ಮಾಮ ಕೈ ಆಡಿಸಿ ನಿಲ್ಲಿಸಿ ಎಂದರು. ಜನ ಅದೇ ಮೊದಲ ಹೆಜ್ಜೆ ಎಂದುಕೊಂಡರು.

ಡೊಳ್ಳನ್ನಾದರೂ ಸಹಿಸಬಹುದಿತ್ತು. ನಮಗೆ ಯಾರಿಗೂ, ಒಂದೂವರೆ ತಿಂಗಳು ತಲೆ ಕೆಡಿಸಿಕೊಂಡ ಮಾಮನಿಗೂ, ಹೊಳೆಯದೇ ಇದ್ದದ್ದು ಬೇರೆ. ನಾಲ್ಕು ಗಂಡಸರ ನಡುವೆ ನಿಂತ ಹನ್ನೆರಡು ವರ್ಷದ ಹುಡುಗಿ ಕೆಳಗೆ ಕೂತವರಿಗೆ ಕಾಣುವುದೇ ಇಲ್ಲ. ಕೆಲಸವೆಲ್ಲ ಎರಡು ಗೇಣಿನೊಳಗೆ. ಚೆನ್ನಾಗಿ ಮಾಡಿದಷ್ಟೂ ಕಾಣುವುದು ಕಡಿಮೆ. ಸಭೆಗೆ ಕಾಣುತ್ತಿದ್ದದ್ದು ಡೊಳ್ಳಿನ ಗದ್ದಲದಲ್ಲಿ ಸುಮ್ಮನೆ ನಿಂತ ನಾಲ್ಕು ಬೆನ್ನುಗಳು.

"ಏನಪ್ಪಾ ಇದು, ಸ್ಟೆಪ್ ಮರೆತುಬಿಟ್ರಾ?" ಎಂದಿತು ಮುಂದಿನ ಸಾಲಿನ ಒಂದು ದನಿ.

"ಗಾಡಿಗೆ ಕಾಯ್ತಾ ಇದ್ದಾರೆ ಕಾಣ್ತದೆ" ಎಂದರು ಇನ್ನೊಬ್ಬರು. ಸಭೆಗೆ ಸಭೆಯೇ ನಕ್ಕಿತು.

ಒಳಗೆ ನಾನು ಆರನೆಯದನ್ನು ಮುಗಿಸಿದ್ದೆ. ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಎಂದೂ ಮಾಡಿರಲಿಲ್ಲ. ಬ್ಯಾಗು ಎಳೆದವರ ಮೊಣಕಾಲು ಆಗಲೇ ಸಡಿಲಾಗಿತ್ತು, ಅವರ ಮುಖದಲ್ಲಿ ಆಶ್ಚರ್ಯ ಕಾಣುತ್ತಿತ್ತು. ಮಾಮ ನನ್ನನ್ನು ನೋಡುತ್ತಿದ್ದರು. ಅವರ ಕಣ್ಣು ತುಂಬಿತ್ತು, ಸಭೆಯ ನಗು ಅವರಿಗೆ ಕೇಳಿಸುತ್ತಲೇ ಇರಲಿಲ್ಲವೇನೋ. ಬಾಯಿ ಅಲುಗಾಡಿಸಿ "ಏಳು" ಎಂದರು.

ನನಗೆ ನಗು ಕೇಳಿಸುತ್ತಿತ್ತು. ಮೂರನೆಯ ಸಾಲಿನಲ್ಲಿ ಪ್ರಾಜಕ್ತಾ ಕೂತಿದ್ದಳು, ನಾನೇ ಕರೆದು ಕೂರಿಸಿದ್ದೆ. ಅವಳೂ ನಗುತ್ತಿದ್ದಾಳೆ ಎಂದುಕೊಂಡೆ. ತಲೆಗೆ ಏರಿತು. ಮಾಮನನ್ನು ಪಕ್ಕಕ್ಕೆ ತಳ್ಳಿ ಗೀರು ದಾಟಿ ವೇದಿಕೆಯ ಮುಂದಕ್ಕೆ ಬಂದೆ, "ಹಾ" ಎಂದು ಕಿರುಚಿ ತಿರುಗಿ ಕಾಲು ಎತ್ತಿದೆ. ಗರ್ದಿಯಲ್ಲಿ ಎಲ್ಲರಿಗಿಂತ ಗಿಡ್ಡಗಿದ್ದ ಹೋಟೆಲಿನ ಭಟ್ಟರು ತಲೆಯ ಮೇಲಿಟ್ಟಿದ್ದ ಟೋಪಿ ಹಾರಿ ವೇದಿಕೆಯ ಬದಿಯಲ್ಲಿಟ್ಟಿದ್ದ ತಬಲಾದ ಮೇಲೆ ಬಿತ್ತು.

ಶಿಳ್ಳೆ, ಚಪ್ಪಾಳೆ. ಇನ್ನೊಂದ್ಸಲ, ಇನ್ನೊಂದ್ಸಲ ಎಂದು ಕೂಗಿದರು. ನಾನು ಇನ್ನೂ ಮೂರು ಸಲ ಎತ್ತಿದೆ, ಒಮ್ಮೆ ಎಡಗಾಲನ್ನೂ. ಡೊಳ್ಳು ಸರಿಯಾಗಿ ಹೊಂದಿಕೊಂಡಿತು. ಅಧ್ಯಕ್ಷರು ಮೈಕಿನ ಹತ್ತಿರ ಬಂದು, ಬರುವ ವಾರದಿಂದ ಸಂಘದ ಕೋಣೆಯಲ್ಲಿ ಜಗನ್ನಾಥ್ ಅವರ ಕರಾಟೆ ತರಗತಿ ನಡೆಯುತ್ತದೆ, ಮಕ್ಕಳ ಹೆಸರು ಕೊಡಿ ಎಂದು ಸಾರಿದರು. ಮಾಮ ಸುಣ್ಣದ ಗೀರಿನೊಳಗೇ ನಿಂತಿದ್ದರು. ಆಮೇಲೆ ಕೈ ಮುಗಿದರು.

ಮನೆಗೆ ನಡೆಯುವಾಗ ಬೈಗುಳಕ್ಕೆ ಕಾದೆ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು. ಸ್ಟೇಷನ್ನಿನ ಹತ್ತಿರ ವಡಾಪಾವ್ ಕೊಡಿಸಿ, "ಕಾಲು ಚಂದ ಎತ್ತಿದಿ" ಎಂದರು. ಅಷ್ಟೇ.

ಸೋಮವಾರ ಮಾಮ ಮಾಮೂಲಿ ಹೊತ್ತಿಗೆ ಬಂದರು. ನಾನು ಟೆರೇಸಿನ ಮೇಲಿದ್ದೆ. ಮೆಟ್ಟಿಲ ಮೇಲೆ ಅವರ ಚಪ್ಪಲಿಯ ಸದ್ದು ಕೇಳಿತು. ಕರೆಯಲಿ, ಹೋಗುತ್ತೇನೆ ಎಂದುಕೊಂಡು ಮುಖ ಊದಿಸಿಕೊಂಡು ಕೂತೆ. ತಪ್ಪು ನನ್ನದು, ಆದರೂ ಕರೆಯಬೇಕಾದವರು ಅವರು. ಆ ವಯಸ್ಸಿನ ಲೆಕ್ಕವೇ ಹಾಗೆ. ಅವರು ಕರೆಯಲಿಲ್ಲ. ಕತ್ತಲಾಗುವಾಗ ಇಳಿದು ಬಂದರೆ ಮಾಮ ಓಣಿಯಿಂದ ಆಚೆ ಬಂದು ಕೈಕಾಲು ತೊಳೆಯುತ್ತಿದ್ದರು. ಬುಧವಾರ ಸಂಘದ ಕೋಣೆಯಲ್ಲಿ ಮಕ್ಕಳ ಬಿಳಿ ಬಟ್ಟೆಗೆ ಅಳತೆ ತೆಗೆದುಕೊಂಡರು. ಒಂದೇ ವಾರದಲ್ಲಿ ಮಕ್ಕಳು ತುಂಬಿಹೋದರು. ಅಪ್ಪಅಮ್ಮಂದಿರು ಬಾಗಿಲಲ್ಲೇ ನಿಂತು, ಆ ಹುಡುಗಿ ಎತ್ತಿದ ಹಾಗೆ ಕಾಲು ಎತ್ತಲು ಎಷ್ಟು ತಿಂಗಳು ಬೇಕು ಎಂದು ಕೇಳುತ್ತಿದ್ದರು. ಲೇಡೀಸ್ ಡಬ್ಬಿಯ ಆರು ಹೆಂಗಸರು ಒಂದು ದಿನ ಬಂದು, ಮಕ್ಕಳ ಗದ್ದಲ ನೋಡಿ, ವಾಪಸು ಹೋದರು. ಮಾಮ ನನ್ನನ್ನೂ ಆ ಕ್ಲಾಸಿಗೆ ಕರೆದರು. ನಾನು ಒಲ್ಲೆ ಎಂದೆ. ಎಂಟನೆಯ ಗೇಣು ಕಲಿಸದೆ ನನಗೆ ಶಿಕ್ಷೆ ಕೊಟ್ಟಿದ್ದಾರೆ, ಅದನ್ನು ಮುಚ್ಚಿಟ್ಟುಕೊಂಡಿದ್ದಾರೆ ಎಂದು ನನ್ನ ಲೆಕ್ಕ. ಆ ಲೆಕ್ಕವನ್ನೇ ಹನ್ನೊಂದು ವರ್ಷ ಹೊತ್ತುಕೊಂಡು ಬಂದೆ.

ಆಮೇಲಿನದು ಎಲ್ಲರ ಮನೆಯಲ್ಲೂ ಆಗುವಂಥದ್ದು. ಮಾಮ ಮದುವೆಯಾಗಿ ವಾಶಿಯ ಪಕ್ಕದ ಸಾನಪಾಡಾಕ್ಕೆ ಹೋದರು, ವಾಶಿಯ ಕೆಲಸ ಬಿಟ್ಟು ಅಲ್ಲಿನ ಮೂರು ಸೆಕ್ಟರುಗಳಲ್ಲಿ ಕರಾಟೆ ಕ್ಲಾಸು ನಡೆಸತೊಡಗಿದರು. ನಾನು ಓದು ಮುಗಿಸಿ ಠಾಣೆಯ ಆಚೆಗಿನ ಐರೋಲಿಯಲ್ಲಿ ಕೆಲಸಕ್ಕೆ ಸೇರಿ, ದಿನಾ ಡೊಂಬಿವಲಿಯಿಂದ ಠಾಣೆಗೆ ಅದೇ ಗರ್ದಿಯಲ್ಲಿ ನಿಂತು ಹೋಗತೊಡಗಿದೆ. ಒಂದು ಬೆಳಿಗ್ಗೆ ಬಾಗಿಲಲ್ಲಿ ನನ್ನ ಮುಂದಿದ್ದ ಕಾಲೇಜು ಹುಡುಗಿ ಹಿಂದಿನಿಂದ ಬಂದ ಒತ್ತಡಕ್ಕೆ ಹೊರಗೆ ವಾಲಿದಳು. ಏನು ಮಾಡಿದೆ ಎಂದು ನನಗೇ ಗೊತ್ತಾಗಲಿಲ್ಲ. ನನ್ನ ಪಾದ ಅವಳ ಎರಡು ಪಾದಗಳ ನಡುವೆ ಹೋಗಿ ಕೂತಿತ್ತು, ಅವಳ ಭಾರ ನನ್ನ ಸೊಂಟದ ಮೇಲೆ ಬಂದಿತ್ತು. ಒಂದನೆಯ ಗೇಣು, ನಾಲ್ಕನೆಯ ಗೇಣು. ಅಕ್ಕಪಕ್ಕದ ಯಾರಿಗೂ ಏನೂ ಕಾಣಲಿಲ್ಲ. ಹುಡುಗಿ ಮಾತ್ರ ತಿರುಗಿ ನನ್ನ ಮುಖ ನೋಡಿದಳು. ಎದುರು ನಿಂತವನಿಗೆ ಗೊತ್ತಾಗ್ತದಲ್ಲ, ಸಾಕು. ಆಫೀಸಿನ ಶೌಚಾಲಯದಲ್ಲಿ ನಿಂತು ಅತ್ತುಬಿಟ್ಟೆ.

ಆ ಭಾನುವಾರವೇ ಸಾನಪಾಡಾಕ್ಕೆ ಹೋದೆ. ಮಾಮನ ಕೂದಲು ಬೆಳ್ಳಗಾಗಿತ್ತು. ಬಲ ಮೊಣಕಾಲಿಗೆ ಪಟ್ಟಿ ಕಟ್ಟಿದ್ದರು. ವರ್ಷಗಟ್ಟಲೆ ಮಕ್ಕಳಿಗೆ ಕಾಲು ಎತ್ತಿ ತೋರಿಸಿ ತೋರಿಸಿ ಸವೆದ ಮೊಣಕಾಲು. ಗೋಡೆಯ ತುಂಬ ಬಣ್ಣಬಣ್ಣದ ಬೆಲ್ಟು ಕಟ್ಟಿಕೊಂಡ ಮಕ್ಕಳ ಫೋಟೋ. ಅತ್ತೆ ಪುನರ್ಪುಳಿ ಶರಬತ್ತು ಕೊಟ್ಟರು. ಅದು ಖಾಲಿಯಾಗುವವರೆಗೆ ಅದೂ ಇದೂ ಮಾತಾಡಿ, ಕೊನೆಗೆ ಲೋಟ ಕೆಳಗಿಟ್ಟು ಕೇಳಿದೆ.

"ಮಾಮ, ಎಂಟನೆಯದು ಕಲಿಸಿ. ನನ್ನ ತಪ್ಪಿಗೆ ಇಷ್ಟು ವರ್ಷ ಸಾಕಾಗ್ಲಿಲ್ವಾ?"

"ಎಂಟನೆಯದು ಎಂತದು?"

"ಗೇಣು. ಸೋಮವಾರ ಕಲಿಸ್ತೇನೆ ಅಂದಿದ್ರಿ. ಮುಚ್ಚಿಟ್ಕೊಂಡ್ರಿ."

"ನನಗೆ ಗೊತ್ತಿತ್ತು ಅಂತ ನಿನಗೆ ಯಾರು ಹೇಳಿದ್ದು?" ಎಂದರು ಮಾಮ. "ಏಳರಲ್ಲಿ ಒಂದಾದ್ರೂ ನನಗೆ ಮೊದ್ಲೇ ಗೊತ್ತಿತ್ತಾ? ಏಳನೆಯದು ಅಕ್ಕ ಅಕ್ಕಿ ತೊಳೆದು ಬರುವಾಗ ಸಿಕ್ಕಿದ್ದು. ನೀನು ಎದುರು ನಿಂತದ್ದಕ್ಕೆ ಒಂದೊಂದೇ ಬಂತು. ಸೋಮವಾರ ಹುಡುಕುವ ಅಂತ ಇದ್ದೆ. ಓಣಿಯಲ್ಲಿ ಒಂದು ಗಂಟೆ ನಿಂತೆ. ನೀನು ಇಳಿದು ಬರ್ಲಿಲ್ಲ."

"ಕರೀಬೇಕಿತ್ತು ನೀವು."

"ಅಷ್ಟು ಚಪ್ಪಾಳೆ ಬಿದ್ದ ಮೇಲೆ ಆ ಓಣಿಗೆ ಬಾ ಅಂತ ಹೇಗೆ ಕರೆಯುವುದು?"

ನಾನು ಎದ್ದು ನಿಂತೆ. ಫ್ರಿಜ್ಜಿಗೂ ಗೋಡೆಗೂ ನಡುವೆ ಒಂದು ಸಂದಿಯಿತ್ತು. "ಬನ್ನಿ. ಈಗ ಹುಡುಕೋಣ" ಎಂದೆ. ಮಾಮ ಗೋಡೆ ಹಿಡಿದುಕೊಂಡು ಬಂದು ಎದುರು ನಿಂತರು, ನನ್ನ ಮಣಿಕಟ್ಟು ಹಿಡಿದರು. ಆ ಹಿಡಿತ ಹಾಗೇ ಇತ್ತು. ನಾನು ಅವರ ಕಡೆಗೆ ನುಗ್ಗಿದೆ. ಹಿಂದೆ ಅವರ ಎದೆಗೆ ತಾಗುತ್ತಿದ್ದ ನನ್ನ ತಲೆ ಈಗ ಅವರ ಹಣೆಗೆ ಬಡಿಯಿತು. ಇಬ್ಬರೂ ಹಣೆ ಉಜ್ಜಿಕೊಂಡೆವು. ಮತ್ತೊಮ್ಮೆ ನೋಡಿದೆವು, ಅವರ ಮೊಣಕಾಲು ನಿಲ್ಲಲಿಲ್ಲ.

"ಸಾಕು ಅಕ್ಷು. ಅದು ಆಗಿನ ನಿನ್ನ ಎತ್ತರಕ್ಕೆ ಸಿಗ್ಬೇಕಾದದ್ದು. ಈಗ ನೀನು ನನ್ನಷ್ಟೇ ಉದ್ದ ಇದ್ದಿ" ಎಂದರು.

"ನಿಮ್ಮ ಕ್ಲಾಸಲ್ಲಿ ಆ ಎತ್ತರದ ಮಕ್ಕಳು ಇದ್ದಾರಲ್ಲ?"

"ಇದ್ದಾರೆ. ಅವರಿಗೆ ಬೆಲ್ಟಿನ ಪರೀಕ್ಷೆ ಉಂಟು."

ಸಂಜೆ ಡೊಂಬಿವಲಿಗೆ ಮರಳಿದೆ. ಅಪ್ಪ ಅಮ್ಮ ಈಗಲೂ ಅದೇ ಮನೆಯಲ್ಲಿದ್ದಾರೆ, ನಾನೂ. ಹಳದಿ-ಕಂದು ಗಾಡಿ ಇಲ್ಲ, ಟೆರೇಸಿನ ಮೇಲೆ ಹಪ್ಪಳ ಒಣಗಿಸುವವರಿಲ್ಲ, ಪ್ರಾಜಕ್ತಾ ಎಲ್ಲಿದ್ದಾಳೋ ಗೊತ್ತಿಲ್ಲ. ಅವೆಲ್ಲ ಹೋಗಲಿ, ಎಲ್ಲರಿಗೂ ಹೋಗುತ್ತವೆ. ಓಣಿಗೆ ಹೋಗಿ ಕ್ಯಾಲೆಂಡರು ಸರಿಸಿದೆ. ಗೋಡೆಗೆ ಎರಡು ಸಲ ಬಣ್ಣ ಹೊಡೆಸಿದರೂ ಮೊಳೆಯ ಗೀರು ಕೈಗೆ ತಾಗುತ್ತಿತ್ತು. ಮೊದಲ ಗೀರಿಗೆ ಹೆಬ್ಬೆರಳು ಒತ್ತಿ ಒಂದು ಗೇಣು ಹಾಕಿದೆ, ಅಲ್ಲಿಂದ ಇನ್ನೊಂದು.

ಅಡುಗೆಮನೆಯಿಂದ ಅಮ್ಮ, "ಎಂತ ಅಳೀತಿದ್ದಿ ಅಲ್ಲಿ?" ಎಂದಳು.

ನನ್ನ ಕಿರುಬೆರಳು ಎರಡನೆಯ ಗೀರನ್ನು ಮೂರು ಬೆರಳಿನಷ್ಟು ದಾಟಿತ್ತು.